ತಕ್ಕಡಿ ಗುಮಾಸ್ತರ ಪಾಸ್‌ವರ್ಡ್

"ಬೇರೆ ಯಾರೂ ಊಹಿಸಬಾರದು, ನೀವು ಜನ್ಮದಲ್ಲಿ ಮರೀಬಾರದು. ಅರ್ಜಿಗೆ ಅಂಥದ್ದೊಂದು ಪಾಸ್‌ವರ್ಡ್ ಹಾಕಿ" ಎಂದು ಕಂಪ್ಯೂಟರಿನವನು ಹೇಳಿದ್ದೇ ಎಡವಟ್ಟಾಯಿತು. ತಕ್ಕಡಿ ಗುಮಾಸ್ತರು ಎರಡು ನಿಮಿಷ ಸೂರು ನೋಡಿದರು. ಆಮೇಲೆ ಮನಸ್ಸಿನ ತಳದಲ್ಲಿದ್ದುದನ್ನು ಒಂದೇ ಬೆರಳಿನಲ್ಲಿ ಕುಟ್ಟಿದರು: 'ಸಾಹೇಬರ ಕೂದಲು ಸಾಹೇಬರದ್ದಲ್ಲ.'

ಅಂಗಡಿಯವರ ತಕ್ಕಡಿಗಳನ್ನು ಪರೀಕ್ಷಿಸಿ ಮುದ್ರೆ ಒತ್ತುವ ಆ ಕಚೇರಿಯಲ್ಲಿ ಇದು ಎಲ್ಲರಿಗೂ ಗೊತ್ತಿದ್ದ, ಯಾರೂ ಬಾಯಿಬಿಟ್ಟು ಹೇಳದಿದ್ದ ಸತ್ಯ. ಸಾಹೇಬರು ಎಂಥ ಸೆಕೆಯಲ್ಲೂ ತಮ್ಮ ಕೋಣೆಯ ಫ್ಯಾನು ಹಾಕಿಸುತ್ತಿರಲಿಲ್ಲ.

ಗುಮಾಸ್ತರ ಅರ್ಜಿಯಲ್ಲಿ ಅಂಥ ಗುಟ್ಟೇನೂ ಇರಲಿಲ್ಲ. ಅವರ ಹೆಂಡತಿ ಅದೇ ಇಲಾಖೆಯವಳು, ರೈಲಿನಲ್ಲಿ ಒಂಬತ್ತು ಗಂಟೆ ದೂರದ ಊರಿನ ಕಚೇರಿಯಲ್ಲಿ. ಎಂಟು ವರ್ಷದಿಂದ ಎರಡು ಮನೆ, ಎರಡು ಒಲೆ. ವರ್ಗಕ್ಕೆ ಆರು ಸಲ ಅರ್ಜಿ ಹಾಕಿ ಆರು ಸಲವೂ ಮುಖಭಂಗವಾಗಿತ್ತು. ಪ್ರತಿ ಸಲವೂ ಆಕೆ ಗಂಡನ ಬಟ್ಟೆಗೆಂದು ಬೀರುವಿನ ಒಂದು ಅರೆ ಖಾಲಿ ಮಾಡುತ್ತಿದ್ದಳು, ಆಮೇಲೆ ಅಳುತ್ತ ಮತ್ತೆ ತುಂಬುತ್ತಿದ್ದಳು. "ಇನ್ನು ಈ ಮಾತು ಎತ್ತಬೇಡಿ" ಎಂದು ಕೈಮುಗಿದಿದ್ದಳು. ಈ ವರ್ಷ ಹೊಸ ನಿಯಮ ಬಂತು: ಎಂಟು ವರ್ಷ ಸಂಗಾತಿಯಿಂದ ದೂರವಿದ್ದವರಿಗೆ ಮೊದಲ ಆದ್ಯತೆ, ಒಬ್ಬರಿಗೆ ಒಂದೇ ಅರ್ಜಿ, ಆದೇಶವಾದರೆ ಮೂರು ವರ್ಷ ಅಲುಗಾಡುವಂತಿಲ್ಲ. ಗುಮಾಸ್ತರು ಹೆಂಡತಿಗೆ ತುಟಿಪಿಟಕ್ಕೆನ್ನಲಿಲ್ಲ. ಆದೇಶ ಹಿಡಿದುಕೊಂಡೇ ಹೋಗಿ ಅವಳ ಬಾಗಿಲು ತಟ್ಟಬೇಕು ಎಂದು ಆಸೆ.

"ನೋಡಿ, ನಿಮ್ಮ ಅರ್ಜಿ ನೆಟ್ಟಗೆ ಕೇಂದ್ರ ಕಚೇರಿಗೆ ಹೋಗಲ್ಲ" ಎಂದು ಕಂಪ್ಯೂಟರಿನವನು ವಿವರಿಸಿದ. "ಹತ್ತಾರು ಯಂತ್ರ ದಾಟ್ಕೊಂಡು ಹೋಗುತ್ತೆ. ದಾರೀಲಿ ಕಳ್ಳರು ಹಿಡಿದು ಓದಬಹುದು. ಅದಕ್ಕೇ ಅಕ್ಷರಗಳನ್ನೆಲ್ಲ ಕಲಸಿಬಿಡೋದು. ಪಾಸ್‌ವರ್ಡ್ ಇದ್ದೋರಿಗೆ ಮಾತ್ರ ಅದು ಅರ್ಜಿ, ಉಳಿದೋರಿಗೆ ಬರೀ ಕಸ."

"ಮತ್ತೆ ಪಾಸ್‌ವರ್ಡ್ ಅವರಿಗೆ ಹೇಗೆ ಸಿಗುತ್ತೆ?" ಎಂದರು ಗುಮಾಸ್ತರು, ಅರ್ಜಿ ಹೋದ ಮೇಲೆ.

"ಅದನ್ನ ಅದೇ ದಾರೀಲಿ ಕಳಿಸಬಾರದು. ಬೀಗ, ಕೀಲಿ ಎರಡನ್ನೂ ಒಂದೇ ಚೀಲಕ್ಕೆ ಹಾಕಿದ ಹಾಗಾಗುತ್ತೆ. ಇವತ್ತು ಸಂಜೆ ಐದು ಗಂಟೆಯೊಳಗೆ ಕಚೇರಿಯ ನೋಂದಾಯಿತ ಫೋನಿಂದ ನೀವೇ ಬಾಯಲ್ಲಿ ಹೇಳಬೇಕು."

ನೋಂದಾಯಿತ ಫೋನು ಇದ್ದದ್ದು ಒಂದೇ. ಸಾಹೇಬರ ಮೇಜಿನ ಮೇಲೆ.

ಗುಮಾಸ್ತರು ಕುರ್ಚಿಯಿಂದ ಎದ್ದೇಬಿಟ್ಟರು. "ಬದಲಾಯಿಸೋಣಪ್ಪ!"

"ಒಂದೇ ಅರ್ಜಿ ಸಾರ್. ಹೋಯ್ತು ಅಂದ್ರೆ ಹೋಯ್ತು."

ಪಕ್ಕದ ಮೇಜಿನ ಟೈಪಿಸ್ಟ್ ಅಕ್ಕ ಕಿವಿ ನಿಮಿರಿಸಿಕೊಂಡು ಬಂದರು. "ಏನಂತ ಹಾಕಿದ್ರಿ? ನನಗೊಬ್ಬಳಿಗೆ ಹೇಳಿ." ಗುಮಾಸ್ತರು ಕಿವಿಯಲ್ಲಿ ಹೇಳಿದರು. ಅಕ್ಕ ಸೆರಗು ಬಾಯಿಗೆ ತುರುಕಿಕೊಂಡರು. ಹತ್ತು ನಿಮಿಷದಲ್ಲಿ ಇಡೀ ಕಚೇರಿ ಕೆಮ್ಮುತ್ತಿತ್ತು.

ಮೂರು ಗಂಟೆಯಾಯಿತು. ಸಾಹೇಬರು ಕುರ್ಚಿ ಬಿಟ್ಟೇಳಲಿಲ್ಲ. ಗೇಟಿನಲ್ಲಿ ಅಂಗಡಿಯವನೊಬ್ಬ ಗಲಾಟೆ ಮಾಡುತ್ತಿದ್ದಾನೆ ಎಂದು ಅಕ್ಕ ಸುಳ್ಳು ಹೇಳಿದರೆ, "ತಕ್ಕಡಿ ಗುಮಾಸ್ತರನ್ನ ಕಳಿಸಿ" ಎಂದರು. ನಾಲ್ಕಾಯಿತು, ನಾಲ್ಕೂವರೆಯಾಯಿತು. ಗುಮಾಸ್ತರ ಕಣ್ಣ ಮುಂದೆ ಆ ಖಾಲಿ ಅರೆ ಏಳನೆಯ ಸಲ ತುಂಬತೊಡಗಿತು. ಅಳು ಬಂತು.

"ಅಳಬೇಡಿ, ನಾನಿದ್ದೀನಿ" ಎಂದ ಅಕ್ಕ ಸೀದಾ ಹೋಗಿ, ಸಾಹೇಬರ ಕೋಣೆಯ ಹೊರಗೋಡೆಯಲ್ಲಿದ್ದ ಫ್ಯಾನಿನ ಸ್ವಿಚ್ಚು ಒತ್ತಿಯೇಬಿಟ್ಟರು.

ವರ್ಷಗಟ್ಟಲೆ ಮಲಗಿದ್ದ ಫ್ಯಾನು ಗಡಗಡನೆ ಎದ್ದಿತು. ಸಾಹೇಬರು ಎರಡೂ ಕೈಯಲ್ಲಿ ತಲೆ ಅವುಚಿಕೊಂಡು ಕೈತೊಳೆಯುವ ಕೋಣೆಗೆ ಓಡಿದರು. ಗುಮಾಸ್ತರು ಒಳನುಗ್ಗಿ ಫೋನೆತ್ತಿದರು.

"ಸಾಹೇಬರ ಕೂದಲು..." ಎಂದು ಪಿಸುಗುಟ್ಟಿದರು.

"ಏನು ಗಡಗಡ ಶಬ್ದ ಅಲ್ಲಿ? ಜೋರಾಗಿ ಹೇಳ್ರೀ, ಕೇಳಿಸ್ತಿಲ್ಲ" ಎಂದಿತು ಕೇಂದ್ರ ಕಚೇರಿ.

ಫ್ಯಾನು ಆರಿಸಿದರೆ ಸಾಹೇಬರು ವಾಪಸ್ಸು. ಗುಮಾಸ್ತರು ದನಿ ಏರಿಸಿದರು.

"ಯಾರ ಕೂದಲು?"

"ಸಾಹೇಬರದು!"

"ಯಾರದ್ದಲ್ಲ?"

"ಸಾಹೇಬರದ್ದಲ್ಲ! ಸಾಹೇಬರ ಕೂದಲು ಸಾಹೇಬರದ್ದಲ್ಲ ಸ್ವಾಮೀ!"

ಅಷ್ಟು ಹೊತ್ತಿಗೆ ಯಾವನೋ ಪುಣ್ಯಾತ್ಮ ಸ್ವಿಚ್ಚು ಆರಿಸಿದ್ದ. ಕೊನೆಯ ವಾಕ್ಯ ಬೀದಿಯವರೆಗೂ ಕೇಳಿಸಿತು. ಬಾಗಿಲಲ್ಲಿ ಸಾಹೇಬರು ಕಲ್ಲಾಗಿ ನಿಂತಿದ್ದರು. ಫೋನಿನಲ್ಲಿ ದನಿ ಶಾಂತವಾಗಿ ಹೇಳಿತು: "ಹಾಂ, ಈಗ ಬಿಚ್ಚಿಕೊಳ್ತು."

ಐದೂವರೆಗೆ ಆದೇಶ ಬಂತು. ಸಾಹೇಬರೇ ಅದನ್ನು ಓದಿದರು. "ವರ್ಗ ಆಗಿದೆ ನಿಮಗೆ" ಎಂದು ಹಲ್ಲು ಕಡಿಯುತ್ತ ಬಿಡುಗಡೆ ಪತ್ರಕ್ಕೆ ಅಲ್ಲೇ ಸಹಿ ಗೀಚಿದರು. "ತೊಲಗಿ! ಮೂರು ವರ್ಷ ಈ ಕಡೆ ತಲೆ ಹಾಕಿಯೂ ಮಲಗಬೇಡಿ."

ಗುಮಾಸ್ತರಿಗೆ ಬೈಗುಳ ಮಂಗಳವಾದ್ಯದಂತೆ ಕೇಳಿಸಿತು. ಎಂಟು ವರ್ಷದ ಭಾರ ಎದೆಯಿಂದ ಇಳಿದೇಹೋಯಿತು.

"ನಿಮ್ಮ ಜಾಗಕ್ಕೆ ಆಗಲೇ ಇನ್ನೊಬ್ಬರನ್ನ ಹಾಕಿದ್ದಾರೆ" ಎಂದು ಸಾಹೇಬರು ಮುಂದಿನ ಸಾಲು ಓದಿದರು. "ಹೆಣ್ಣುಮಗಳು. ಎಂಟು ವರ್ಷದಿಂದ ಗಂಡನನ್ನ ಬಿಟ್ಟು ದೂರ ಇದ್ದಾಳಂತೆ, ಪಾಪ. ಅಲ್ಲಿ ಆಕೆಯ ಕುರ್ಚಿಗೇ ನಿಮ್ಮನ್ನ ಹಾಕಿರೋದು."

ಗುಮಾಸ್ತರು ಹೆಸರು ಓದಿದರು. ಇನ್ನೊಮ್ಮೆ ಓದಿದರು. ಕೇಂದ್ರ ಕಚೇರಿಗೆ ಫೋನು ತಿರುಗಿಸಿ, "ಇಬ್ಬರ ಅರ್ಜೀನೂ ನೀವೇ ತೆಗೆದು ನೋಡಿದ್ರಲ್ಲ, ಒಂದು ಮಾತು ಹೇಳಬಾರದಿತ್ತಾ?" ಎಂದು ಗೋಗರೆದರು.

"ಒಬ್ಬರ ಅರ್ಜೀಲಿರೋದನ್ನ ಇನ್ನೊಬ್ಬರಿಗೆ ಹೇಳೋ ಹಾಗಿಲ್ಲ ರೀ. ಮತ್ತೆ ಬೀಗ ಯಾಕೆ ಹಾಕಿಸಿದ್ದು?" ಎಂದು ಆ ಕಡೆಯವರು ಇಟ್ಟುಬಿಟ್ಟರು.

ಅಷ್ಟರಲ್ಲಿ ಜೇಬಿನ ಮೊಬೈಲು ಬಡಿದುಕೊಂಡಿತು. ಹೆಂಡತಿ. ಅಷ್ಟೊಂದು ಸಂತೋಷದ ದನಿಯನ್ನು ಅವರು ಎಂಟು ವರ್ಷದಲ್ಲಿ ಕೇಳಿರಲಿಲ್ಲ.

"ರೀ, ನಿಮಗೆ ಗೊತ್ತಾಗಬಾರದು ಅಂತ ಮುಚ್ಚಿಟ್ಟಿದ್ದೆ. ನಾನು ಅಲ್ಲಿಗೇ ಬರ್ತಿದ್ದೀನಿ! ಮೂರು ವರ್ಷ ಯಾರೂ ಕದಲಿಸೋ ಹಾಗಿಲ್ಲವಂತೆ. ಬೀರುವಿನಲ್ಲಿ ಒಂದು ಅರೆ ಖಾಲಿ ಮಾಡಿಡಿ."

ಗುಮಾಸ್ತರ ತುಟಿ ಅಲುಗಿತು. ಇಡೀ ಕಚೇರಿ ಉಸಿರು ಬಿಗಿಹಿಡಿದು ಕೇಳುತ್ತಿತ್ತು.

"ಏನಂದ್ರಿ?" ಎಂದಳು ಅವಳು ನಗುತ್ತ. "ಜೋರಾಗಿ ಹೇಳ್ರೀ, ಕೇಳಿಸ್ತಿಲ್ಲ."