ಹಡಗಿನ ಸಿನಿಮಾಕ್ಕೆ ಮೇಷ್ಟ್ರ ಅರ್ಥ

ಗುಂಡ್ಲುಪೇಟೆಯ ವಿಡಿಯೋ ಅಂಗಡಿಯವನು ಭಕ್ತಿಚಿತ್ರದ ಡಬ್ಬಿಯಲ್ಲಿ ಇಂಗ್ಲಿಷ್ ಕ್ಯಾಸೆಟ್ ಹಾಕಿ ಕೊಟ್ಟಿದ್ದೇ ಎಲ್ಲಕ್ಕೂ ಮೂಲ. ಬೇಗೂರಿನ ವೃಷಭೇಂದ್ರಪ್ಪನವರ ಹಜಾರದಲ್ಲಿ ಆ ಭಾನುವಾರ ಶಿವ ಪ್ರತ್ಯಕ್ಷನಾಗಬೇಕಿದ್ದ ಕಡೆ ಒಂದು ಭಾರಿ ಹಡಗು ಕಾಣಿಸಿಕೊಂಡಿತು.

"ತಂದಾಗದೆ, ನೋಡ್ಬುಡನ. ಮೇಷ್ಟ್ರು ಅರ್ಥ ಹೇಳ್ತಾರೆ," ಎಂದರು ಅವರ ಹೆಂಡತಿ ಪುಟ್ಟಬಸಮ್ಮ.

ಹೈಸ್ಕೂಲಿನ ಇಂಗ್ಲಿಷ್ ಮೇಷ್ಟ್ರು ಗಂಗಾಧರಸ್ವಾಮಿ ಕುರ್ಚಿಯಲ್ಲಿ ನೆಟ್ಟಗೆ ಕೂತರು. ಟೀವಿ ಬರೀ ನೆಪ, ಮನೆಯವರು ನೋಡುತ್ತಿರುವುದು ತಮ್ಮನ್ನು ಎಂದು ಅವರಿಗೆ ಗೊತ್ತಿತ್ತು. ಬಾಗಿಲ ಬಳಿ ನಿಂತಿದ್ದ ಆ ಮನೆಯ ಮಗಳು ರೂಪಶ್ರೀಗಾಗಿ ಮೇಷ್ಟ್ರು ಒಂದು ವರ್ಷದಿಂದ ತಮಗೆ ಬಂದ ಸಂಬಂಧಗಳನ್ನೆಲ್ಲ ಬೇಡವೆಂದಿದ್ದರು.

ಸಿನಿಮಾದ ಗಂಡಿಗೂ ಹೆಣ್ಣಿಗೂ ದಡದಲ್ಲಿ ಬೇರೆ ಬೇರೆ ಕಡೆ ಮದುವೆ ಗೊತ್ತಾಗಿದೆ. ಹಡಗಿನಲ್ಲಿ ಇವರಿಬ್ಬರ ನಡುವೆಯೇ ಪ್ರೀತಿ ಹುಟ್ಟಿ, ಆ ಮಾತುಗಳನ್ನು ಮುರಿಯಲು ಹೊರಟಿದ್ದಾರೆ. ಇದನ್ನು ಹೆಣ್ಣಿನ ತಂದೆಯ ಎದುರು ಹೇಗೆ ಹೇಳುವುದು? ಮೇಷ್ಟ್ರಿಗೆ ಬೆವರು ಕಿತ್ತುಕೊಂಡಿತು.

"ಏನಂತಾವ್ಳೆ ಮೇಷ್ಟ್ರೇ?" ವೃಷಭೇಂದ್ರಪ್ಪ ಕೇಳಿದರು.

"ಅಪ್ಪ ಒಪ್ಪಿದ ಗಂಡನ್ನೇ ಮದ್ವೆಯಾಗ್ತೀನಿ ಅಂತಾಳೆ."

ಅಷ್ಟರಲ್ಲಿ ಆ ಗಂಡು ಅವಳನ್ನು ಬಾಚಿ ತಬ್ಬಿಕೊಂಡ.

"ಅಯ್ಯೋ ಶಿವನೇ! ಇದ್ಯಾಕ್ ಇಂಗೆ?" ಪುಟ್ಟಬಸಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು.

"ಹೋಗ್ಬರ್ತೀನಿ ಅಂತ ಹೇಳ್ತಿದ್ದಾನಮ್ಮ. ಅವರ ಕಡೆ ಹಂಗೇ."

"ಏಟೊತ್ತು ಹೇಳ್ತಾನೆ?"

"ದೂರದೂರಲ್ವಾ ಅಮ್ಮ."

ಕೊನೆಗೆ ಇಬ್ಬರೂ ಕೈಕೈ ಹಿಡಿದು ಹಡಗಿನಿಂದ ಇಳಿದರು. ಮೇಷ್ಟ್ರು ಎದೆಗುಂದಲಿಲ್ಲ. "ದಡದಲ್ಲಿ ಅವಳ ಗಂಡು ಕಾಯ್ತಿದ್ದಾನೆ. ಅವನಿಗೆ ಒಪ್ಪಿಸೋಕೆ ಇವನು ಕರ್ಕೊಂಡು ಹೋಗ್ತಿದ್ದಾನೆ."

ಸದ್ಯ, ಮರ್ಯಾದೆ ಉಳಿಯಿತು ಎಂದುಕೊಂಡರು.

ವೃಷಭೇಂದ್ರಪ್ಪ ಟವೆಲಿನಿಂದ ಕಣ್ಣೊರೆಸಿಕೊಂಡರು. "ಮೇಷ್ಟ್ರೇ, ಬಾಯ್ಬುಟ್ಟು ಹೇಳ್ತೀನಿ. ಮಗೀನ ತೊಟ್ಲಿಗಾಕ್ದಾಗ್ಲೇ ಅರದನಳ್ಳಿ ನಮ್ಮಕ್ಕಂಗೆ ಮಾತು ಕೊಟ್ಟಿದ್ದೆ, ಇವಳು ನಿನ್ ಮಗ ಸೋಮೇಶಂಗೇ ಅಂತ. ನಿಮ್ಮನ್ನ ಕಂಡ್ಮೇಲೆ ಮನ್ಸು ತಿರುಗ್ತು. ಆ ಮಾತು ಮುರ್ದು ನಿಮಗೇ ಎಲೆಯಡ್ಕೆ ಕೊಡನ ಅಂತಾನೇ ಇವತ್ತು ಕರೆಸಿದ್ದೆ. ಆ ದೊರೆಸಾನಿನೇ ಕೊಟ್ಟ ಮಾತು ಉಳಿಸ್ಕಂಡ್ಳು, ನಾನು ತಪ್ಪನಾ? ಕಣ್ ತೆರೆಸ್ಬುಟ್ರಿ ಕಣ್ರೀ!"

ಎಲೆಯಡಿಕೆ ತಟ್ಟೆ ಒಳಕ್ಕೆ ಹೋಯಿತು. ವೃಷಭೇಂದ್ರಪ್ಪ ಹರದನಹಳ್ಳಿಗೆ ಹೊರಡಲು ಚಪ್ಪಲಿ ಮೆಟ್ಟಿದರು. ಮೇಷ್ಟ್ರು ಕುರ್ಚಿಯಲ್ಲಿ ಕೂತೇ ಇದ್ದರು.

ಕಾಫಿ ಲೋಟ ಎತ್ತಿಕೊಳ್ಳಲು ರೂಪಶ್ರೀ ಬಂದಳು. ಅವಳ ಕಣ್ಣೂ ಒದ್ದೆಯಾಗಿತ್ತು.

"ಮೈಸೂರಲ್ಲಿ ನಾನೂ ಇಂಗ್ಲಿಷೇ ಓದಿದ್ದು ಸಾ," ಎಂದಳು ಮೆಲ್ಲಗೆ. "ಅವ್ರು ಏನಂದ್ರೋ ಅದನ್ನೇ ಹೇಳಿದ್ರೆ ಸಾಕಾಗಿತ್ತು."