ಹಿಮ್ಮಡಿಯ ಹಾಳೆ ಕಾಣೆಯಾದದ್ದು

ಡಾಕ್ಟರು ಹೇಳಿದ್ದು ನನಗೆ ಒಂದೇ ಸಲಕ್ಕೆ ಅರ್ಥವಾಗುತ್ತದೆ. ಹಾಗಂತ ನಾನು ನಂಬಿದ್ದೆ!

ಮೊದಲೇ ಸಕ್ಕರೆ ಕಾಯಿಲೆ. ಹೊಸ ಚಪ್ಪಲಿ ಕಚ್ಚಿ ಹಿಮ್ಮಡಿಯಲ್ಲಾದ ಗಾಯ ತಿಂಗಳುಗಟ್ಟಲೆ ಮಾಯಲಿಲ್ಲ. "ಹೀಗೇ ಬಿಟ್ರೆ ಕಾಲಿಗೇ ಅಪಾಯ" ಎಂದ ಕೊಪ್ಪದ ಡಾಕ್ಟರು, ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿನ ಹಾಳೆಯೊಂದನ್ನು ಗಾಯದ ಮೇಲಿಟ್ಟರು.

"ಇದು ಮೈಯಲ್ಲೇ ಕರಗೋ ಪಾಲಿಮರ್. ತೀರಾ ನುಣುಪಾಗಿದ್ರೆ ಜೀವಕೋಶಗಳು ಹಿಡ್ಕೊಂಡು ಕೂರಲ್ಲ. ಅದಕ್ಕೇ ಮೇಲ್ಮೈನ ಸ್ವಲ್ಪ ಒರಟು ಮಾಡಿ, ನೀರು ಅಂಟೋ ಹಾಗೆ ಮಾಡಿದಾರೆ. ಕಟ್ಟು ಮಾತ್ರ ನೀವು ಬಿಚ್ಚಬೇಡಿ."

"ಗೊತ್ತಾಯ್ತು ಗೊತ್ತಾಯ್ತು" ಎಂದೆ. ಕಣ್ಣು ಗಡಿಯಾರದ ಮೇಲಿತ್ತು. ನಮ್ಮೂರು ಹಿರೇಕೊಡಿಗೆಯ ಬಸ್ಸು ಯಾರಿಗೂ ಕಾಯುವುದಿಲ್ಲ.

ಕೆಲವು ವಾರ ಹೇಗೋ ತಡೆದುಕೊಂಡೆ. ಆಮೇಲೆ ಶುರುವಾಯಿತು ತುರಿಕೆ! ಒಂದು ಬೆಳಿಗ್ಗೆ ಕಟ್ಟು ಬಿಚ್ಚಿ ಕನ್ನಡಿ ಹಿಡಿದು ನೋಡಿದೆ. ಹಾಳೆಯೇ ಇಲ್ಲ! ಗಾಯ ಹೇಗಿದೆ ಎಂದು ನೋಡುವಷ್ಟು ವ್ಯವಧಾನವೂ ಉಳಿಯಲಿಲ್ಲ.

"ಅಯ್ಯೋ, ಹಾಳೆ ಕಳೆದುಹೋಯ್ತು!" ಎಂದು ಕೂಗಿದೆ.

ಯಜಮಾನರು ಒಗೆಯುವ ಬಟ್ಟೆಯನ್ನೆಲ್ಲ ಕೊಡವಿದರು. ನಾನು ಕುಂಟುತ್ತಲೇ ಹಾಸಿಗೆ ಮಗುಚಿದೆ. ಪಕ್ಕದ ಮನೆ ಸುಮಿತ್ರಕ್ಕ ಬಂದವರು, "ನಿಮ್ಮನೆ ನಾಯಿ ತಿಂದಿರ್ಬೇಕು ಮಾರಾಯ್ತಿ" ಎಂದು ತೀರ್ಪು ಕೊಟ್ಟರು. ನಿರಪರಾಧಿ ನಾಯಿಯನ್ನು ಸಂಜೆವರೆಗೆ ಕಟ್ಟಿಹಾಕಿ, ಅದರ ವಿಸರ್ಜನೆಯನ್ನು ಕೋಲಿನಿಂದ ಕೂಲಂಕಷವಾಗಿ ಪರಿಶೀಲಿಸಲಾಯಿತು. ಫಲಿತಾಂಶ ಶೂನ್ಯ!

ಕಾಲು ಹೋಯಿತೆಂದೇ ರಾತ್ರಿಯೆಲ್ಲ ಅತ್ತೆ. ಮರುದಿನ ಯಜಮಾನರ ಜೊತೆ ಹೋಗಿ ಡಾಕ್ಟರೆದುರು ಕೈಮುಗಿದೆ. "ಹಾಳೆ ಕಳೆದುಬಿಟ್ಟೆ. ನಾಯಿಯನ್ನೂ ವಿಚಾರಿಸಿ ಆಯ್ತು."

ಅವರು ಕಾಲನ್ನು ದೀಪದ ಕೆಳಗೆ ತಂದರು. "ಕಳೆದಿಲ್ಲಮ್ಮ, ಕರಗಿದೆ. ಇಲ್ನೋಡಿ."

ಫೋನಿನಲ್ಲಿ ಫೋಟೊ ತೆಗೆದು ತೋರಿಸಿದರು. ಹುಣ್ಣಿದ್ದಲ್ಲಿ ಎಳೆ ಮಗುವಿನ ಕೆನ್ನೆಯಂಥ ಗುಲಾಬಿ ಚರ್ಮ! ಯಾರೋ ಎಲ್ಲೋ ಕೂತು, ಕಣ್ಣಿಗೆ ಕಾಣದ ಜೀವಕೋಶಕ್ಕೆ ಕಾಲೂರಲು ಜಾಗ ಮಾಡಿಕೊಟ್ಟಿದ್ದರು. ನನ್ನದೇ ಜೀವಕೋಶಗಳು ಆ ಒರಟನ್ನು ಹಿಡಿದು, ಒಂದರ ಪಕ್ಕ ಒಂದು ಕೂತು, ಸದ್ದಿಲ್ಲದೆ ನನ್ನನ್ನು ಹೊಲಿದಿದ್ದವು. ಅವು ನೆಲೆ ನಿಂತ ಮೇಲೆ ಹಾಳೆ ತಾನಾಗಿ ಇಲ್ಲವಾಗಿತ್ತು. ನಾನು ಫೋಟೊವನ್ನು ದೊಡ್ಡದು ಮಾಡಿ ಮಾಡಿ ನೋಡಿದೆ.

ಯಜಮಾನರೂ ಬೆರಗಾಗಿ ಬಗ್ಗಿ ನೋಡಿದರು. ಆಮೇಲೆ ಬಹಳ ಗಂಭೀರವಾಗಿ ಕೇಳಿದರು:

"ಡಾಕ್ಟ್ರೇ, ಈ ಹಾಳೆ ಇವಳ ತಲೆ ಒಳಗೂ ಒಂದು ಹಾಕೋಕಾಗುತ್ತಾ? ಅಲ್ಲೂ ಏನಾದ್ರೂ ಬೆಳೆದೀತು."

ಡಾಕ್ಟರು ನನ್ನ ಮುಖ ನೋಡಿದರು. ಸ್ವಲ್ಪ ಯೋಚಿಸಿದರು!