ಕೋಪಕ್ಕೆ ಕೊಳಲು, ಹಠಕ್ಕೆ ಭಜನೆ

ಹೆಣ್ಣುಮಕ್ಕಳೇ, ತವರುಮನೆಗೆ ಹತ್ತಿರವಿರುವ ಊರಿಗೆ ಮಾತ್ರ ಸೊಸೆಯಾಗಿ ಹೋಗಬೇಡಿ. ನಾನಿರುವುದು ಶಿವಮೊಗ್ಗದ ಆಲ್ಕೊಳದಲ್ಲಿ, ತವರು ಭದ್ರಾವತಿಯಲ್ಲಿ. ಅದೇ ದೆಹಲಿಯಲ್ಲಿದ್ದಿದ್ದರೆ ವರ್ಷಕ್ಕೊಮ್ಮೆ ಟಿಕೆಟ್ ಮಾಡಿಸಿ ತಿಂಗಳುಗಟ್ಟಲೆ ಕಳಿಸುತ್ತಿದ್ದರು. "ಭದ್ರಾವತಿಗೆ ಹೋಗೋದೂ ಒಂದು ಊರಿಗೆ ಹೋಗೋದಾ? ಬೆಳಿಗ್ಗೆ ಹೋಗಿ ಸಂಜೆ ಬಂದ್ರಾಯ್ತು" ಎನ್ನುತ್ತಾರೆ ಅತ್ತೆ ಶರಾವತಮ್ಮ. ನನಗೆ ಬೇಕಿದ್ದದ್ದು ನಾಲ್ಕೇ ನಾಲ್ಕು ದಿನ ಅಮ್ಮನ ಮನೆಯಲ್ಲಿ ಕಾಲು ಚಾಚಿ ಮಲಗುವ ಭಾಗ್ಯ.

ಈ ಬೇಡಿಕೆಯನ್ನು ಯಜಮಾನರಾದ ಶ್ರೀಮಾನ್ ನಿರಂಜನರ ಸನ್ನಿಧಾನದಲ್ಲಿ ಇಟ್ಟಾಗಲೆಲ್ಲ ಕೊಳಲು ಕೇಳಿಸುತ್ತಿತ್ತು. (ನುಡಿಸುವವರು ಇವರಲ್ಲ. ಇವರಿಗೆ ಕುಕ್ಕರಿನ ಸೀಟಿ ಎಣಿಸಲೂ ಬಾರದು.) ಭಾವಕ್ಕೆ ತಕ್ಕ ಸಂಗೀತ ಕೇಳಿದರೆ ಮನಸ್ಸು ಹತೋಟಿಗೆ ಬರುತ್ತದೆ ಎಂದು ಮೊಬೈಲಿನಲ್ಲಿ ಯಾರೋ ಹೇಳಿದ್ದನ್ನು ನಂಬಿ ಸ್ಪೀಕರ್ ತಂದಿದ್ದರು. ಬೇಜಾರಿಗೆ ವೀಣೆ, ಸೋಮಾರಿತನಕ್ಕೆ ಡೊಳ್ಳು, ಹೆಂಡತಿಯ ಕೋಪಕ್ಕೆ ಕೊಳಲು.

ಮೊನ್ನೆ ಶನಿವಾರ ಸಂಜೆ ಕೇಳಿದೆ. "ರೀ, ನಾಳೆ ಭದ್ರಾವತಿಗೆ ಹೋಗ್ತೀನಿ."

"ಮುಂದಿನ ವಾರ ನೋಡೋಣ ಮಾರಾಯ್ತಿ" ಎಂದವರೇ ಕೊಳಲು ಹಾಕಿದರು.

"ಮೊದಲು ಅದನ್ನ ನಿಲ್ಸಿ! ನನ್ನ ಕೋಪ ನನ್ನ ಸ್ವಂತದ್ದು. ಇಳಿಸೋಕೆ ನೀವ್ಯಾರು?"

"ಮತ್ತೆ ಯಾವ ಮ್ಯೂಸಿಕ್ ಬೇಕು ನಿಂಗೆ?"

"ನಂಗೆ ಈ ಸಂಸಾರದ ಮೇಲೆ ವೈರಾಗ್ಯ ಬಂದಿದೆ. ಅದಕ್ಕೆ ತಕ್ಕದ್ದನ್ನ ನಾನೇ ಹಾಕ್ತೀನಿ, ನೋಡ್ತಿರಿ."

ಭಾನುವಾರ ಬೆಳಿಗ್ಗೆ ಕ್ರಾಂತಿ ಆರಂಭವಾಯಿತು. ಬಾಗಿಲಿಗೆ ರಂಗೋಲಿ ಹಾಕಲಿಲ್ಲ. ಒಲೆ ಹಚ್ಚಲಿಲ್ಲ. ತಲೆಗೆ ನೀರೆರೆದುಕೊಂಡು ಕೂದಲನ್ನು ಹಾಗೆಯೇ ಬಿಟ್ಟೆ. ಸ್ಪೀಕರನ್ನು ಬೀದಿ ಕಡೆಯ ಕಿಟಕಿಯಲ್ಲಿಟ್ಟು, ದೇಹ ನಶ್ವರ, ಬಂಧುಬಳಗ ಸುಳ್ಳು ಎಂದು ತಾಳ ಕುಟ್ಟಿ ಹೇಳುವ ಭಜನೆಯನ್ನು ಪೂರ್ತಿ ಸದ್ದಿನಲ್ಲಿ ಹಾಕಿದೆ. ತಿಂಡಿ ಇಲ್ಲವೆಂದು ತಿಳಿದ ಅತ್ತೆ, "ಹಠ ನಿಂಗೊಬ್ಳಿಗೇ ಬರುತ್ತಾ?" ಎಂದು ಕಿವಿಗೆ ಹತ್ತಿ ತುರುಕಿಕೊಂಡು, ವರಾಂಡದ ಚಾಪೆಯ ಮೇಲೆ ಮುಖಕ್ಕೆ ಸೆರಗು ಮುಚ್ಚಿ ಮಲಗಿಬಿಟ್ಟರು. ಯಜಮಾನರು ಗೇಟಿನ ಬಳಿ ತಲೆಯ ಮೇಲೆ ಕೈ ಹೊತ್ತು ಕುಳಿತರು. ನಾನು ಕೋಣೆಯ ಬಾಗಿಲು ಹಾಕಿಕೊಂಡು ಬ್ಯಾಗಿಗೆ ಸೀರೆ ತುಂಬತೊಡಗಿದೆ.

ಗಂಟೆಯೊಂದು ಕಳೆದ ಮೇಲೆ ಬಾಗಿಲು ತಟ್ಟಿದ ಸದ್ದು. ಎದುರುಮನೆಯ ಸಲೀಮಾ, ದೊಡ್ಡ ಪಾತ್ರೆಯಲ್ಲಿ ಅನ್ನ, ಸಾರು ತಂದಿದ್ದಳು. ನನ್ನನ್ನು ತಬ್ಬಿಕೊಂಡು, "ಧೈರ್ಯ ತಗೊಳ್ಳಿ ಸಂಧ್ಯಕ್ಕ. ಇವತ್ತು ನೀವು ಒಲೆ ಹಚ್ಚೋದು ಬೇಡ" ಎಂದಳು.

ನನ್ನ ಹೋರಾಟಕ್ಕೆ ಇಷ್ಟು ಬೇಗ ಬೆಂಬಲ! ನನಗೆ ಕಣ್ಣು ತುಂಬಿ ಬಂತು.

"ಧೈರ್ಯಕ್ಕೇನು ಕಮ್ಮಿ ಸಲೀಮಾ? ಇದನ್ನ ಯಾವಾಗಲೋ ಮಾಡ್ಬೇಕಿತ್ತು. ಎಷ್ಟು ವರ್ಷ ಅಂತ ಸಹಿಸ್ಲಿ?"

ಸಲೀಮಾ ಕೈ ಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದಳು.

ಆಗಲೇ ಹೊರಗೆ ಅಳು ಕೇಳಿಸಿತು. ಓಡಿಹೋಗಿ ನೋಡುತ್ತೇನೆ, ಅಂಗಳದ ತುಂಬ ಪ್ಲಾಸ್ಟಿಕ್ ಕುರ್ಚಿ, ಕುರ್ಚಿಯ ತುಂಬ ಬೀದಿಯ ಜನ. ರಂಗೋಲಿ ಇಲ್ಲ, ಒಲೆ ಇಲ್ಲ, ಭಜನೆ ಇದೆ, ಮುಸುಕೆಳೆದ ಅತ್ತೆ ಇದ್ದಾರೆ. ನಮ್ಮ ಕಡೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಯಾರೂ ಕೇಳುವುದಿಲ್ಲ. ಹಿಂದಿನ ಮನೆಯ ಧರ್ಮಪ್ಪನವರು "ಯಾವಾಗ ಆಯ್ತು?" ಎಂದು ಕೇಳಿದ್ದಕ್ಕೆ ನಮ್ಮ ಯಜಮಾನರು, "ನಿನ್ನೆ ಸಂಜೆಯಿಂದ್ಲೇ ಶುರು. ಬೆಳಿಗ್ಗೆ ಕೈ ಮೀರಿಹೋಯ್ತು" ಎಂದಿದ್ದರಂತೆ. (ಅವರು ಹೇಳಿದ್ದು ನನ್ನ ಕೋಪದ ಸಂಗತಿ.) ಸಲೀಮಾಳ ಗಂಡ ಹಮೀದ್ ಭದ್ರಾವತಿಗೇ ಫೋನ್ ಮಾಡಿದ್ದರು. ನನ್ನ ತಮ್ಮ ಪರಶುರಾಮ ಗಾಡಿಯ ತುಂಬ ಅಮ್ಮ, ಚಿಕ್ಕಮ್ಮಂದಿರನ್ನು ತುಂಬಿಕೊಂಡು ಬಂದಿಳಿದಿದ್ದ. ನಾನು ಕೂಗಿ ತಡೆಯುವಷ್ಟರಲ್ಲಿ ಒದ್ದೆ ಹಾರವನ್ನು ಅತ್ತೆಯ ಎದೆಯ ಮೇಲೆ ಇಟ್ಟೇಬಿಟ್ಟ.

"ಯಾರೋ ಅದು, ತಣ್ಣಗೆ ಮುಟ್ಟೋದು?" ಎನ್ನುತ್ತ ಅತ್ತೆ ಎದ್ದು ಕೂತರು. ಮುಂದಿನ ಸಾಲಿನ ಕುರ್ಚಿಗಳೆಲ್ಲ ಒಮ್ಮೆಲೇ ಖಾಲಿಯಾದವು.

ವಿಷಯ ತಿಳಿದ ಮೇಲೆ ಅಮ್ಮ ಎಲ್ಲರೆದುರಿಗೇ ನನ್ನನ್ನು ತರಾಟೆಗೆ ತೆಗೆದುಕೊಂಡಳು. "ಬುದ್ಧಿ ಇಲ್ವೇನೆ? ಬದುಕಿರೋರ ಮನೇಲಿ ಹಾಕೋ ಹಾಡಾ ಇದು?"

"ನಂಗೆ ಬಂದ ಭಾವಕ್ಕೆ ನಾನು ಹಾಕ್ದೆ. ಕುರ್ಚಿ ತನ್ನಿ ಅಂತ ಯಾರಿಗಾದ್ರೂ ಹೇಳಿದ್ನಾ?" ಎಂದೆ. ನಾನೇಕೆ ಬಗ್ಗಲಿ?

ಅಮ್ಮ ನನ್ನನ್ನು ಬಿಟ್ಟು ಬೀಗಿತ್ತಿಯ ಕೈ ಹಿಡಿದುಕೊಂಡಳು. "ಪಾಪ, ಎಂಥಾ ಗಾಬರಿ ನಿಮಗೆ! ನಾಲ್ಕು ದಿನ ನಮ್ಮನೇಲಿ ಇದ್ದು ಸುಧಾರಿಸ್ಕೊಳ್ಳಿ ಬನ್ನಿ." ಅಲ್ಲಿಯವರೆಗೆ ಹಾರ ಮೂಸಿ ನೋಡುತ್ತಿದ್ದ ಅತ್ತೆಗೆ ತಕ್ಷಣ ತಲೆಸುತ್ತು ಬಂತು.

ನಾನು ಬ್ಯಾಗ್ ಹಿಡಿದು ಗಾಡಿಯ ಬಾಗಿಲಿಗೆ ಓಡಿದೆ. ಪರಶುರಾಮ ಅಡ್ಡ ನಿಂತ. "ಅಕ್ಕಾ, ಇಷ್ಟು ಜನ ಬಂದಿದ್ದಾರೆ. ಸಲೀಮಕ್ಕ ತಂದ ಅನ್ನ ಯಾರ ಹೊಟ್ಟೆಗೆ ಸಾಲುತ್ತೆ? ಊಟ ಹಾಕ್ದೇ ನೀನು ಹೊರಟ್ರೆ ಚೆನ್ನಾಗಿರುತ್ತಾ?"

ನಾನು ಮಲಗಬೇಕಿದ್ದ ಮಂಚದಲ್ಲಿ ಮಲಗಲು ಅತ್ತೆ ಕಿಟಕಿ ಪಕ್ಕದ ಸೀಟಿನಲ್ಲಿ ಕುಳಿತು ಕೈ ಬೀಸುತ್ತ ಹೊರಟೇಹೋದರು.

ನಾನು ಒಲೆ ಹಚ್ಚಿದೆ. ಸೋತೆನೆಂದು ಯಾರೂ ತಿಳಿಯಬೇಡಿ! ಪ್ರತಿಭಟನೆಯಾಗಿ ಸಾರಿಗೆ ಒಂದು ಹರಳು ಉಪ್ಪೂ ಹಾಕಲಿಲ್ಲ. ಯಜಮಾನರು ಎರಡು ಸಲ ಹಾಕಿಸಿಕೊಂಡು ಉಂಡು, "ನನ್ನ ಬಿಪಿಗೆ ಹೇಳಿ ಮಾಡಿಸಿದ ಹಾಗಿದೆ ಮಾರಾಯ್ತಿ, ಇನ್ನು ದಿನಾ ಹೀಗೇ ಮಾಡು" ಎಂದರು.